ನಾವು ಆಡಿ ಬೆಳೆದಂತೆ ನಮ್ಮ ಮಕ್ಕಳನ್ನು ಬಿಡಲು ಸಾಧ್ಯವೇ?

ಪ್ರಶ್ನೆ (ಒಂಬತ್ತು ವರ್ಷದ ಮಗಳ ತಾಯಿ)

ನೆಂಟರಿಷ್ಟರು ಸೇರಿದಾಗಲೆಲ್ಲ ನಮ್ಮಲ್ಲಿ ತಪ್ಪದೆ ಬರುವ ಮಾತೊಂದಿದೆ. ರಜೆಯ ದಿನ ಬೆಳಿಗ್ಗೆ ಹೊರಟರೆ ಹೊಟ್ಟೆ ಹಸಿದಾಗ ಮಾತ್ರ ಮನೆಯ ನೆನಪಾಗುತ್ತಿತ್ತೆಂದೂ, ಎಲ್ಲಿದ್ದೆ, ಯಾರ ಜೊತೆಗಿದ್ದೆ ಎಂದು ಕೇಳುವವರೇ ಇರಲಿಲ್ಲವೆಂದೂ, ಮರದಿಂದ ಬಿದ್ದು ಮೊಣಕಾಲು ತರಚಿದರೆ ಮಣ್ಣು ಒರೆಸಿಕೊಂಡು ಮತ್ತೆ ಹತ್ತುತ್ತಿದ್ದೆವೆಂದೂ ನನ್ನ ಅಣ್ಣ ಶುರುಮಾಡುತ್ತಾನೆ. ಉಳಿದವರು ತಮ್ಮ ತಮ್ಮ ಸಾಹಸಗಳನ್ನು ಸೇರಿಸುತ್ತಾರೆ. ನಾನೂ ಸೇರಿಸುತ್ತೇನೆ, ಏಕೆಂದರೆ ಅವೆಲ್ಲ ನಡೆದದ್ದೇ. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ‘ನೀವು ಮಕ್ಕಳನ್ನು ಅಂಗೈಯಲ್ಲಿಟ್ಟು ಸಾಕುತ್ತಿದ್ದೀರಿ, ನಾಳೆ ಅವರಿಗೆ ರಸ್ತೆ ದಾಟುವುದಕ್ಕೂ ನಿಮ್ಮ ಕೈಯೇ ಬೇಕಾಗುತ್ತದೆ’ ಎಂಬಲ್ಲಿಗೆ ಬಂದು ಮುಟ್ಟುತ್ತದೆ.

ಈ ಮಾತನ್ನು ತಳ್ಳಿಹಾಕಲು ನನಗೆ ಆಗುತ್ತಿಲ್ಲ. ಮಗಳು ಶಾಲೆಗೆ ಹೋಗುವುದು ನನ್ನ ಜೊತೆಗೆ, ಸಂಜೆ ಆಡುವುದು ನನ್ನ ಕಣ್ಣಳತೆಯಲ್ಲಿ. ಎರಡು ಬೀದಿಯಾಚೆ ಇರುವ ಗೆಳತಿಯ ಮನೆಗೆ ಹೋಗಬೇಕೆಂದರೆ ಎರಡು ಮನೆಯ ದೊಡ್ಡವರು ಮೊದಲು ಫೋನಿನಲ್ಲಿ ಮಾತಾಡಿ ಸಮಯ ಗೊತ್ತುಮಾಡಬೇಕು. ಹೊರಗಿನವರು ಯಾರಾದರೂ ಏನಾದರೂ ಕೇಳಿದರೆ ಉತ್ತರಿಸುವ ಮೊದಲು ಅವಳು ನನ್ನ ಮುಖ ನೋಡುತ್ತಾಳೆ. ಬೇಸರವಾದರೆ ‘ಈಗ ನಾನು ಏನು ಮಾಡಲಿ?’ ಎಂದು ನನ್ನನ್ನೇ ಕೇಳುತ್ತಾಳೆ; ಅವಳ ವಯಸ್ಸಿನಲ್ಲಿ ನಮ್ಮ ಬೇಸರ ಕಳೆಯುವ ಹೊಣೆ ದೊಡ್ಡವರದು ಎಂಬ ಯೋಚನೆಯೇ ನಮಗೆ ಬಂದಿರಲಿಲ್ಲ. ಇದನ್ನು ನೋಡಿದಾಗ ಅಣ್ಣನ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ. ಆದರೆ ‘ಬಿಟ್ಟುಬಿಡು’ ಎಂದು ಅವನು ಹೇಳಿದಾಗ, ಎಲ್ಲಿಗೆ ಬಿಡಲಿ, ಯಾರ ಜೊತೆಗೆ ಬಿಡಲಿ ಎಂಬುದಕ್ಕೆ ಅವನಲ್ಲಿ ಉತ್ತರವಿಲ್ಲ. ಬಾಗಿಲು ತೆರೆದು ಕಳುಹಿಸಿದರೂ ಹೊರಗೆ ಆಡುತ್ತಿರುವ ಮಕ್ಕಳೇ ಇಲ್ಲ.

ನಾವು ನೆನೆಯುವ ಬಾಲ್ಯ ನಿಜಕ್ಕೂ ಅಷ್ಟು ನಿಶ್ಚಿಂತವಾಗಿತ್ತೇ, ಅಥವಾ ಆ ನಿಶ್ಚಿಂತೆ ಮಕ್ಕಳಾಗಿದ್ದ ನಮ್ಮದು ಮಾತ್ರವೇ? ಇಂದು ನಾವು ಕಾಯುತ್ತಿರುವುದು ನಿಜವಾದ ಅಪಾಯದಿಂದಲೋ, ನಮ್ಮ ಅಂಜಿಕೆಯಿಂದಲೋ? ತಿಳಿದವರು, ಮಕ್ಕಳನ್ನು ಬೆಳೆಸುತ್ತಿರುವವರು, ಬೆಳೆಸಿ ಮುಗಿಸಿದವರು ದಯವಿಟ್ಟು ಬರೆಯಿರಿ. ‘ಕಾಲ ಕೆಟ್ಟಿದೆ’ ಎಂಬ ಉತ್ತರ ಈಗಾಗಲೇ ಸಾಕಷ್ಟು ಸಿಕ್ಕಿದೆ.

ಉತ್ತರ (ನಿವೃತ್ತ ಶಿಕ್ಷಕ)

ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಎರಡನೆಯದಕ್ಕೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿರಬಹುದು.

‘ನಮಗೇನಾಯಿತು?’ ಎಂದು ಕೇಳಬಲ್ಲವರೆಲ್ಲರೂ ಏನೂ ಆಗದೆ ಉಳಿದುಕೊಂಡವರೇ. ಈಜು ಬಾರದೆ ನೀರಿಗಿಳಿದು ಮೇಲೆ ಬಾರದ ಹುಡುಗ, ಬಿದ್ದು ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದ ಹುಡುಗಿ ನೆಂಟರ ನಡುವೆ ಕುಳಿತು ಸಾಹಸದ ಕಥೆ ಹೇಳುವುದಿಲ್ಲ. ಉಳಿದವರ ಮಾತನ್ನು ಮಾತ್ರ ಕೇಳಿ ಹಾದಿ ಸುರಕ್ಷಿತವಾಗಿತ್ತು ಎಂದು ತೀರ್ಮಾನಿಸುವುದು ಲೆಕ್ಕದ ದೃಷ್ಟಿಯಿಂದಲೇ ತಪ್ಪು. ನಿಮ್ಮ ಅಣ್ಣನವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಅರ್ಧ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯವೂ ಇದೆ. ಆ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿರಲಿಲ್ಲ. ಭೂಗೋಳ ವಿಜ್ಞಾನಿ ರೋಜರ್ ಹಾರ್ಟ್ 1970ರ ದಶಕದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಊರಿನ ಮಕ್ಕಳ ಹಿಂದೆಯೇ ಓಡಾಡಿ, ಅವರು ಮನೆಯಿಂದ ಎಷ್ಟು ದೂರದವರೆಗೆ ಹೋಗುತ್ತಾರೆಂಬುದನ್ನು ನಕ್ಷೆಯ ಮೇಲೆ ಗುರುತಿಸಿದರು. ಗಂಡುಮಕ್ಕಳಿಗೆ ದೊರೆತಿದ್ದ ವ್ಯಾಪ್ತಿ ಹೆಣ್ಣುಮಕ್ಕಳದಕ್ಕಿಂತ ದೊಡ್ಡದಾಗಿತ್ತು. ಇದನ್ನು ತಿಳಿಯಲು ನಕ್ಷೆಯೇ ಬೇಕೆಂದಿಲ್ಲ. ನಿಮ್ಮ ನೆಂಟರ ಗುಂಪಿನಲ್ಲಿ ಸಾಹಸದ ಕಥೆಗಳನ್ನು ಹೆಚ್ಚು ಹೇಳುವವರು ಯಾರು, ತಮ್ಮ ತಂಗಿ ತಮ್ಮಂದಿರನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದವರು ಯಾರು ಎಂದು ಒಮ್ಮೆ ಗಮನಿಸಿ. ದುಡಿಯುವ ಮಕ್ಕಳ ಮಾತಂತೂ ಬೇರೆಯೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ 2000ದಲ್ಲಿ ಜಗತ್ತಿನಲ್ಲಿ 24.6 ಕೋಟಿ ಬಾಲಕಾರ್ಮಿಕರಿದ್ದರು. 2024ರಲ್ಲಿ ಆ ಸಂಖ್ಯೆ 13.8 ಕೋಟಿ. ಮಗುವೆಂದರೆ ಮನೆಯ ದುಡಿಮೆಗೆ ಒದಗುವ ಕೈ ಎಂಬ ಭಾವನೆ ಹೋಗಿ, ಬೆಲೆ ಕಟ್ಟಲಾಗದ ಜೀವ ಎಂಬ ಭಾವನೆ ಅಮೆರಿಕದಲ್ಲಿ 1870ರಿಂದ 1930ರ ನಡುವೆ ಹೇಗೆ ಬೇರೂರಿತೆಂಬುದನ್ನು ಸಮಾಜಶಾಸ್ತ್ರಜ್ಞೆ ವಿವಿಯಾನಾ ಜೆಲಿಜರ್ ವಿವರವಾಗಿ ತೋರಿಸಿದ್ದಾರೆ. ಇಂದಿನ ಅತಿಕಾಳಜಿಯನ್ನು ಹಳಿಯುವಾಗ, ಅದು ಈ ಒಳ್ಳೆಯ ಬದಲಾವಣೆಯ ಬೆನ್ನಿಗೇ ಬಂದದ್ದು ಎಂಬುದನ್ನು ಮರೆಯಬಾರದು.

ಇಷ್ಟು ಹೇಳಿದ ಮೇಲೆ, ಕಳೆದುಹೋದದ್ದು ಏನೂ ಇಲ್ಲ ಎಂದು ನಾನು ಹೇಳಲಾರೆ. ಶಾಲೆಯ ಮೈದಾನವನ್ನು ಬಹಳ ವರ್ಷ ಕಿಟಕಿಯಿಂದ ನೋಡಿದವನು ನಾನು. ಮೊದಲೆಲ್ಲ ಆಟದ ನಡುವೆ ‘ಔಟು’, ‘ಅಲ್ಲ’ ಎಂಬ ಜಗಳ ಎದ್ದರೆ ಅರ್ಧ ಬಿಡುವು ಆ ಜಗಳಕ್ಕೇ ಮುಗಿಯುತ್ತಿತ್ತು. ಆದರೂ ಅವರೇ ಒಂದು ನಿಯಮ ಮಾಡಿಕೊಂಡು, ಅಳುವವನನ್ನು ಸಮಾಧಾನಪಡಿಸಿ, ಆಟ ಮುಂದುವರಿಸುತ್ತಿದ್ದರು, ಏಕೆಂದರೆ ಜಗಳ ಬಗೆಹರಿಯದಿದ್ದರೆ ಆಟವೇ ಇಲ್ಲ. ನಾನು ನಿವೃತ್ತನಾಗುವ ಹೊತ್ತಿಗೆ ಅದೇ ಜಗಳ ಅರೆನಿಮಿಷದಲ್ಲಿ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿತ್ತು. ಹಿರಿಯರು ಯಾರೂ ಇಲ್ಲದ, ಬೇರೆ ಬೇರೆ ವಯಸ್ಸಿನ ಮಕ್ಕಳು ಸೇರಿದ ಗುಂಪಿನಲ್ಲಿ ಮಗು ಕಲಿಯುವ ಈ ವ್ಯವಹಾರವನ್ನು ಯಾವ ಶಿಬಿರವೂ ಕಲಿಸಿದ್ದನ್ನು ನಾನು ಕಂಡಿಲ್ಲ. ಅದೇ ಗುಂಪಿನಲ್ಲಿ ದಿನವೂ ಪೆಟ್ಟು ತಿಂದು, ಯಾರಿಗೂ ಹೇಳಿಕೊಳ್ಳಲಾಗದೆ ಬೆಳೆದ ಮಕ್ಕಳೂ ಇದ್ದರೆಂಬುದನ್ನು ಇದರ ಜೊತೆಗೇ ಸೇರಿಸಿ ಓದಿಕೊಳ್ಳಿ.

ಉತ್ತರ (ನಗರ ಯೋಜನೆಯ ಕ್ಷೇತ್ರದಲ್ಲಿ ಕೆಲಸ ಮಾಡುವವನು)

ತಾಯಂದಿರ ಮನಸ್ಸು ಬದಲಾಗಿದೆ, ಮಕ್ಕಳ ಸ್ವಭಾವ ಬದಲಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಬಾಗಿಲಿನ ಹೊರಗಿರುವ ರಸ್ತೆ ಬದಲಾಗಿದೆ ಎಂಬುದನ್ನು ಯಾರೂ ಹೇಳುವುದಿಲ್ಲ, ಬಹುಶಃ ಅದು ಕಣ್ಣೆದುರಿಗೇ ಇರುವುದರಿಂದ.

ಈ ವಿಷಯದಲ್ಲಿ ಬಹಳ ಪ್ರಸಿದ್ಧವಾದ ಅಧ್ಯಯನ ಬ್ರಿಟನ್ನಿನ ಸಂಶೋಧಕ ಮೇಯರ್ ಹಿಲ್‌ಮನ್ ಮತ್ತು ಅವರ ಜೊತೆಗಾರರದು. ಇಂಗ್ಲೆಂಡಿನಲ್ಲಿ 1971ರಲ್ಲಿ ಏಳೆಂಟು ವರ್ಷದ ಮಕ್ಕಳ ಪೈಕಿ ಶೇಕಡಾ 80ರಷ್ಟು ಮಂದಿ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. ಅವೇ ಪ್ರದೇಶಗಳಲ್ಲಿ 1990ರಲ್ಲಿ ಕೇಳಿದಾಗ ಆ ಪ್ರಮಾಣ ಶೇಕಡಾ 9ಕ್ಕೆ ಇಳಿದಿತ್ತು. ಒಂದು ತಲೆಮಾರೂ ಪೂರ್ತಿ ಕಳೆಯದ ಅವಧಿಯಲ್ಲಿ ಆದ ಬದಲಾವಣೆ ಇದು, ಅದೂ ಮೊಬೈಲ್ ಫೋನು ಮಕ್ಕಳ ಕೈಗೆ ಬರುವುದಕ್ಕೆ ಬಹಳ ಮೊದಲೇ. ಆದ್ದರಿಂದ ಎಲ್ಲ ದೋಷವನ್ನೂ ಪರದೆಗಳ ಮೇಲೆ ಹೊರಿಸುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು. ಮಕ್ಕಳನ್ನು ಒಂಟಿಯಾಗಿ ಕಳುಹಿಸದಿರಲು ಆ ತಂದೆತಾಯಂದಿರು ಕೊಟ್ಟ ಕಾರಣಗಳಲ್ಲಿ ಮುಂದಿದ್ದದ್ದು ವಾಹನಗಳ ಭಯ.

ಆ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸುವ ಮಾತು ಇನ್ನೊಂದಿದೆ. ಆ ಎರಡು ದಶಕಗಳಲ್ಲಿ ರಸ್ತೆ ಅಪಘಾತದಲ್ಲಿ ಸಾಯುವ ಮಕ್ಕಳ ಸಂಖ್ಯೆ ಅಲ್ಲಿ ಕಡಿಮೆಯಾಗಿತ್ತು, ಸರ್ಕಾರ ಅದನ್ನು ರಸ್ತೆ ಸುರಕ್ಷಿತವಾದದ್ದರ ಗುರುತೆಂದು ಹೇಳಿಕೊಂಡಿತ್ತು. ಹಿಲ್‌ಮನ್ ವಾದ ಬೇರೆ: ರಸ್ತೆ ಸುರಕ್ಷಿತವಾದದ್ದಲ್ಲ, ಮಕ್ಕಳನ್ನು ರಸ್ತೆಯಿಂದ ತೆಗೆಯಲಾಯಿತು. ಅಪಾಯವನ್ನು ತಂದವರು ಹಾಗೆಯೇ ಉಳಿದರು, ಅಪಾಯಕ್ಕೆ ಒಳಗಾಗುವವರು ಮನೆಯೊಳಗೆ ಸೇರಿದರು. ಇಂದಿಗೂ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29ರ ವಯಸ್ಸಿನವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತವೇ. ಹೀಗಿರುವಾಗ ಮಗಳ ಕೈ ಹಿಡಿದು ರಸ್ತೆ ದಾಟಿಸುವ ತಾಯಿಯನ್ನು ಅಂಜುಬುರುಕಿ ಎನ್ನುವುದು ಅನ್ಯಾಯ.

ಆದರೆ ಇದನ್ನು ವಿಧಿ ಎಂದುಕೊಳ್ಳಬೇಕಾಗಿಲ್ಲ. ನೆದರ್ಲೆಂಡ್ಸಿನಲ್ಲಿ 1971ರಲ್ಲಿ 400ಕ್ಕೂ ಹೆಚ್ಚು ಮಕ್ಕಳು ವಾಹನಗಳಿಗೆ ಸಿಕ್ಕಿ ಸತ್ತರು. ತಂದೆತಾಯಂದಿರು, ಮಕ್ಕಳು ಬೀದಿಗಿಳಿದು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ಚಳವಳಿ ಕಟ್ಟಿದರು. ರಸ್ತೆಗಳಿಗೆ ಅಡ್ಡ ಹಾಕಿ ಅಲ್ಲಿಯೇ ಮಕ್ಕಳನ್ನು ಆಡಲು ಬಿಟ್ಟರು. ವಾಹನ ನಡೆಯುವವರ ವೇಗದಲ್ಲಿಯೇ ಸಾಗಬೇಕಾದ, ಮಕ್ಕಳು ಬೀದಿಯ ನಡುವೆಯೇ ಆಡಬಹುದಾದ ‘ವೂನರ್ಫ್’ ಎಂಬ ವಸತಿ ಬೀದಿಗಳಿಗೆ ಅಲ್ಲಿ 1976ರಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. 16 ದೇಶಗಳ ಮಕ್ಕಳ ಸ್ವತಂತ್ರ ಓಡಾಟವನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ವರದಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಫಿನ್‌ಲೆಂಡ್. ಅಲ್ಲಿನ ತಾಯಂದಿರಿಗೆ ಮಕ್ಕಳ ಮೇಲೆ ಪ್ರೀತಿ ಕಡಿಮೆ ಎಂದು ಯಾರೂ ಹೇಳುವುದಿಲ್ಲ. ಜಪಾನಿನಲ್ಲಿ ಒಂದೇ ಕೇರಿಯ ಮಕ್ಕಳು, ದೊಡ್ಡ ತರಗತಿಯವರು ಮುಂದೆ, ಚಿಕ್ಕವರು ಹಿಂದೆ, ಗುಂಪಾಗಿ ಶಾಲೆಗೆ ನಡೆದುಹೋಗುವ ವ್ಯವಸ್ಥೆ ಅನೇಕ ಕಡೆಗಳಲ್ಲಿದೆ. ಈ ಎರಡೂ ದೇಶಗಳಲ್ಲಿ ಧೈರ್ಯ ತಂದೆತಾಯಂದಿರ ಎದೆಯಲ್ಲಿ ಎಷ್ಟಿದೆಯೋ ಅದಕ್ಕಿಂತ ಹೆಚ್ಚಾಗಿ ಹೊರಗಿನ ಏರ್ಪಾಡಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮಗುವನ್ನು ಕಾರಿನಲ್ಲಿ ಶಾಲೆಗೆ ಬಿಡುವ ಪ್ರತಿಯೊಬ್ಬ ತಂದೆಯೂ ಉಳಿದ ಮಕ್ಕಳ ಎದುರಿಗೆ ಇನ್ನೊಂದು ಕಾರನ್ನು ತಂದು ನಿಲ್ಲಿಸುತ್ತಾನೆ. ಅದನ್ನು ಕಂಡು ಇನ್ನೊಬ್ಬ ತಾಯಿ ತನ್ನ ಮಗುವನ್ನು ನಡೆಸಿಕೊಂಡು ಬರುವುದನ್ನು ಬಿಡುತ್ತಾಳೆ. ಹೀಗೆ ಒಬ್ಬೊಬ್ಬರ ಎಚ್ಚರಿಕೆಯೂ ಎಲ್ಲರ ಅಪಾಯವಾಗಿ ಬೆಳೆಯುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ತಂಗಿ ತಮ್ಮಂದಿರನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದವರ ಮಾತು ಓದಿ ನಮ್ಮ ಅಕ್ಕ ನೆನಪಾದಳು. ಆ ಸಾಹಸದ ಕಥೆಗಳಲ್ಲಿ ಅವಳು ಎಲ್ಲಿಯೂ ಬರುವುದಿಲ್ಲ ಎಂಬುದು ನನಗೆ ಇದುವರೆಗೆ ಹೊಳೆದಿರಲಿಲ್ಲ. ವಾಹನಗಳ ವಿಚಾರವನ್ನೂ ಒಪ್ಪುತ್ತೇನೆ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ರಾತ್ರಿ ನನ್ನ ನಿದ್ದೆ ಕೆಡಿಸುವುದು ವಾಹನವಲ್ಲ. ಯಾರೋ ಅಪರಿಚಿತರು ಮಗುವನ್ನು ಕರೆದುಕೊಂಡು ಹೋಗಿಬಿಟ್ಟರೆ ಎಂಬ ಯೋಚನೆ. ವಾರಕ್ಕೊಮ್ಮೆಯಾದರೂ ಅಂಥ ಒಂದು ಸುದ್ದಿ ಫೋನಿಗೆ ಬಂದು ಬೀಳುತ್ತದೆ.

ಉತ್ತರ (ಮಕ್ಕಳ ಆಪ್ತಸಮಾಲೋಚಕಿ)

ನನ್ನ ಬಳಿ ಬರುವ ತಾಯಂದಿರಲ್ಲಿ ಹೆಚ್ಚಿನವರು ಹೇಳುವುದೂ ಇದನ್ನೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಒಂದು ಘಟನೆ ಎಷ್ಟು ಸುಲಭವಾಗಿ ಮನಸ್ಸಿಗೆ ಬರುತ್ತದೆಯೋ ಅದು ಅಷ್ಟೇ ಹೆಚ್ಚಾಗಿ ನಡೆಯುತ್ತದೆ ಎಂದು ನಾವು ಎಣಿಸುತ್ತೇವೆ. ಮನಶ್ಶಾಸ್ತ್ರಜ್ಞರಾದ ಏಮೊಸ್ ಟ್ವರ್ಸ್‌ಕಿ ಮತ್ತು ಡ್ಯಾನಿಯಲ್ ಕಾನ್‌ಮನ್ 1973ರಲ್ಲೇ ಮನಸ್ಸಿನ ಈ ಅಭ್ಯಾಸವನ್ನು ವಿವರಿಸಿದ್ದರು. ಕಾಣೆಯಾದ ಮಕ್ಕಳ ಭಯ ಹರಡಿದ ರೀತಿ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ 1979 ಮತ್ತು 1981ರಲ್ಲಿ ಇಬ್ಬರು ಬಾಲಕರು ಕಾಣೆಯಾದ ಪ್ರಕರಣಗಳು ದೇಶವನ್ನೇ ಕಲಕಿದವು. 1980ರ ದಶಕದ ನಡುವಿನಲ್ಲಿ ಕಾಣೆಯಾದ ಮಕ್ಕಳ ಚಿತ್ರಗಳನ್ನು ಹಾಲಿನ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಪ್ರತಿದಿನ ಬೆಳಿಗ್ಗೆ ಆ ಮುಖವನ್ನು ನೋಡುತ್ತ ಹಾಲು ಕುಡಿದ ಮಕ್ಕಳು, ಹಾಲು ಕೊಟ್ಟ ತಂದೆತಾಯಂದಿರು ಜಗತ್ತು ಅಪಹರಣಕಾರರಿಂದ ತುಂಬಿದೆ ಎಂದು ನಂಬಿದರೆ ಆಶ್ಚರ್ಯವಿಲ್ಲ. ನಿಮ್ಮ ಫೋನಿಗೆ ವಾರಕ್ಕೊಮ್ಮೆ ಬರುವ ಸುದ್ದಿ ಅದೇ ಕೆಲಸವನ್ನು ಇನ್ನೂ ವೇಗವಾಗಿ ಮಾಡುತ್ತಿದೆ. ಅಪರಿಚಿತರಿಂದ ಅಪಹರಣ ಎಲ್ಲೂ ನಡೆಯುವುದೇ ಇಲ್ಲ ಎಂದಲ್ಲ; ಕಾಣೆಯಾದರೆಂದು ವರದಿಯಾಗುವ ಮಕ್ಕಳಲ್ಲಿ ಅದು ಬಹಳ ಸಣ್ಣ ಪಾಲು. ಇನ್ನೂ ಮುಖ್ಯವಾದದ್ದೆಂದರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರಲ್ಲಿ ಹೆಚ್ಚಿನವರು ಮಗುವಿಗೆ ಮೊದಲೇ ಪರಿಚಿತರಾದವರು. ಬೀದಿಗೆ ಬಿಡದೆ ಮನೆಯಲ್ಲಿ, ಟ್ಯೂಷನ್ನಿನಲ್ಲಿ, ಗೊತ್ತಿರುವವರ ನಡುವೆ ಇಟ್ಟುಕೊಂಡರೆ ಮಗು ಸುರಕ್ಷಿತ ಎಂಬ ನಂಬಿಕೆ ಇಲ್ಲಿಯೇ ಕುಸಿಯುತ್ತದೆ. ‘ಅಪರಿಚಿತರ ಜೊತೆ ಮಾತಾಡಬೇಡ’ ಎಂದು ಕಲಿಸುವುದಕ್ಕಿಂತ, ಯಾರೇ ಆಗಲಿ, ಎಷ್ಟೇ ಹತ್ತಿರದವರಾಗಲಿ, ‘ಇದನ್ನು ಅಮ್ಮನಿಗೆ ಹೇಳಬೇಡ’ ಎಂದರೆ ಅದನ್ನೇ ಮೊದಲು ಬಂದು ಹೇಳಬೇಕು ಎಂದು ಕಲಿಸುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕಷ್ಟದಲ್ಲಿ ಸಿಕ್ಕಿದ ಮಗು ಅಪರಿಚಿತರ ಸಹಾಯ ಕೇಳಲೇಬೇಕಾದ ಸಂದರ್ಭವೂ ಬರುತ್ತದಲ್ಲವೇ?

ಈಗ ಮರ ಹತ್ತುವ ವಿಷಯ. ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಚಿಕ್ಕ ಮಕ್ಕಳ ಆಟವನ್ನು ಗಮನಿಸಿ, ಅವರು ತಾವಾಗಿಯೇ ಹುಡುಕಿಕೊಂಡು ಹೋಗುವ ಅಪಾಯಗಳನ್ನು 2007ರಲ್ಲಿ ಆರು ಬಗೆಯಾಗಿ ವಿಂಗಡಿಸಿದರು: ಎತ್ತರಕ್ಕೆ ಹತ್ತುವುದು, ವೇಗವಾಗಿ ಸಾಗುವುದು, ಹರಿತವಾದ ಉಪಕರಣಗಳನ್ನು ಹಿಡಿಯುವುದು, ಬೆಂಕಿ ಅಥವಾ ನೀರಿನ ಹತ್ತಿರ ಆಡುವುದು, ಕುಸ್ತಿಯಾಟ, ಮತ್ತು ದೊಡ್ಡವರ ಕಣ್ಣು ತಪ್ಪಿಸಿ ದೂರ ಹೋಗುವುದು. ಕೊನೆಯದನ್ನು ನೋಡಿ ನನಗೆ ನಗು ಬಂತು. ಕಣ್ಣು ತಪ್ಪಿಸುವುದೂ ಮಗುವಿನ ಬೆಳವಣಿಗೆಯ ಒಂದು ಭಾಗವಾದರೆ, ಕೈಗೆ ಕಟ್ಟಿದ ಜಾಡು ತೋರಿಸುವ ಗಡಿಯಾರ ಅದನ್ನು ಪೂರ್ತಿಯಾಗಿ ಕಿತ್ತುಕೊಳ್ಳುತ್ತದೆ. ಮಗು ಸ್ವಲ್ಪ ಹೆದರಿಕೆಯಾಗುವಷ್ಟು ಎತ್ತರಕ್ಕೆ ಹೋಗಿ, ಆ ಹೆದರಿಕೆಯನ್ನು ತಾನೇ ತಾಳಿಕೊಂಡು ಇಳಿದು ಬಂದಾಗ ಹೆದರಿಕೆಯ ಅಳತೆ ಅದಕ್ಕೆ ತಿಳಿಯುತ್ತದೆ ಎಂಬುದು ಸ್ಯಾಂಡ್‌ಸೆಟರ್ ಅವರ ವಾದ. ನ್ಯೂಜಿಲೆಂಡಿನ ಡುನಿಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಅನುಸರಿಸಿದ ಅಧ್ಯಯನದಲ್ಲಿ ಇದಕ್ಕೆ ಕುತೂಹಲಕರವಾದ ಪುಷ್ಟಿ ಸಿಕ್ಕಿದೆ. ಚಿಕ್ಕಂದಿನಲ್ಲಿ, ಒಂಬತ್ತು ವರ್ಷದೊಳಗೆ, ಬಿದ್ದು ಗಾಯ ಮಾಡಿಕೊಂಡವರು 18ರ ವಯಸ್ಸಿಗೆ ಎತ್ತರಕ್ಕೆ ಹೆಚ್ಚು ಹೆದರುತ್ತಾರೆಂದು ನಾವು ಊಹಿಸುತ್ತೇವೆ. ಕಂಡುಬಂದದ್ದು ಅದಕ್ಕೆ ವಿರುದ್ಧ.

ಹಾಗೆಂದು ಮಗುವನ್ನು ಬೀಳಿಸಿ ಧೈರ್ಯ ಕಲಿಸಬೇಕೆಂದು ಯಾರೂ ಅರ್ಥಮಾಡಿಕೊಳ್ಳಬಾರದು. ಮಗುವಿಗೆ ಕಾಣುವ, ತಾನೇ ಅಳೆದು ನೋಡಿ ‘ಹತ್ತಲೇ, ಬೇಡವೇ’ ಎಂದು ತೀರ್ಮಾನಿಸಬಲ್ಲ ಅಪಾಯ ಒಂದು. ಮಗುವಿನ ಕಣ್ಣಿಗೆ ಬೀಳದ ಅಪಾಯ ಇನ್ನೊಂದು. ಕೊಂಬೆಯ ಎತ್ತರ ಮೊದಲನೆಯದು, ಆ ಕೊಂಬೆ ಒಳಗೆ ಕೊಳೆತಿರುವುದು ಎರಡನೆಯದು. ಎರಡನೆಯದನ್ನು ತೆಗೆಯುವುದು ದೊಡ್ಡವರ ಕೆಲಸ, ಮೊದಲನೆಯದನ್ನು ಮಗುವಿಗೇ ಬಿಡಬೇಕು. ಕೆನಡಾದ ಮಕ್ಕಳ ವೈದ್ಯರ ಸಂಘ 2024ರಲ್ಲಿ ಪ್ರಕಟಿಸಿದ ನಿಲುವೂ ಹೆಚ್ಚುಕಡಿಮೆ ಇದೇ. ವೇಗದ ವಾಹನ, ಆಳ ತಿಳಿಯದ ನೀರು ಇವೆಲ್ಲ ಮಗು ಅಳೆಯಲಾಗದ ಅಪಾಯಗಳು. ಆದ್ದರಿಂದ ಹಿಂದಿನ ಉತ್ತರದಲ್ಲಿ ಹೇಳಿದ್ದಕ್ಕೂ ನಾನು ಹೇಳುತ್ತಿರುವುದಕ್ಕೂ ವಿರೋಧವಿಲ್ಲ.

ಆಟ ಕಡಿಮೆಯಾದದ್ದರಿಂದಲೇ ಮಕ್ಕಳಲ್ಲಿ ಆತಂಕ, ಖಿನ್ನತೆ ಹೆಚ್ಚಿವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಗ್ರೇ ಅವರು 2011ರಿಂದಲೂ ಬರೆಯುತ್ತಿದ್ದಾರೆ. ಎರಡೂ ಒಟ್ಟಿಗೆ ನಡೆದಿರುವುದು ನಿಜ. ಒಂದು ಇನ್ನೊಂದಕ್ಕೆ ಕಾರಣ ಎಂದು ಖಚಿತವಾಗಿ ಹೇಳಲು ಅಷ್ಟೇ ಸಾಲದು. ಈ ಮಾತನ್ನು ಹೇಳಿ ತಾಯಂದಿರನ್ನು ಹೆದರಿಸಿದರೆ, ಮಗುವನ್ನು ಬಿಟ್ಟರೂ ಭಯ, ಬಿಡದಿದ್ದರೂ ಭಯ ಎಂಬ ಸ್ಥಿತಿಗೆ ತಳ್ಳಿದಂತಾಗುತ್ತದೆ.

ಉತ್ತರ (ಇಬ್ಬರು ಗಂಡುಮಕ್ಕಳ ತಂದೆ)

ಎಲ್ಲರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಒಂದು ಮಾತು ಬಿಟ್ಟುಹೋಗಿದೆ. ನಾನು ಮಕ್ಕಳ ಜೊತೆ ಇರುವುದು ಭಯದಿಂದ ಮಾತ್ರವಲ್ಲ, ಅವರ ಜೊತೆ ಇರುವುದು ನನಗೆ ಇಷ್ಟ. ನನ್ನ ತಂದೆಯವರಿಗೆ ನಾನು ಯಾವ ತರಗತಿಯಲ್ಲಿದ್ದೇನೆ ಎಂಬುದು ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ಸ್ವಾತಂತ್ರ್ಯವೆಂದು ಕರೆದು ಹೊಗಳಲು ನನಗೆ ಮನಸ್ಸಿಲ್ಲ. ಹನ್ನೊಂದು ಪಾಶ್ಚಾತ್ಯ ದೇಶಗಳ ದಿನಚರಿಯ ಲೆಕ್ಕಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತಾಯಂದಿರು ಮಕ್ಕಳ ಆರೈಕೆಗೆ ಕೊಡುವ ಸಮಯ 1965ರಲ್ಲಿ ದಿನಕ್ಕೆ ಸುಮಾರು 54 ನಿಮಿಷವಿದ್ದದ್ದು 2012ರಲ್ಲಿ 104 ನಿಮಿಷವಾಗಿತ್ತು. ತಂದೆಯರದು 16ರಿಂದ 59ಕ್ಕೆ ಏರಿತ್ತು. ಆ 59 ನಿಮಿಷವನ್ನು ಕಾವಲು ಎಂದು ಮಾತ್ರ ಎಣಿಸಿದರೆ ನಮಗೆ ಅನ್ಯಾಯವಾಗುತ್ತದೆ.

ಇನ್ನೊಂದು, ನೆರೆಹೊರೆಯವರ ನಾಲಿಗೆ. ದೊಡ್ಡವನನ್ನು ಒಬ್ಬನನ್ನೇ ಅಂಗಡಿಗೆ ಕಳುಹಿಸಿದಾಗ ಅವನಿಗೇನೂ ಆಗಲಿಲ್ಲ. ಆದರೆ ಅವನು ಮರಳಿ ಬರುವ ಮೊದಲೇ ‘ಮಗು ಒಬ್ಬನೇ ಹೋಗುತ್ತಿದ್ದಾನೆ, ನಿಮಗೆ ಗೊತ್ತೇ?’ ಎಂಬ ಫೋನು ಬಂದಿತ್ತು. ಬಿಟ್ಟರೆ ಬೇಜವಾಬ್ದಾರಿ, ಬಿಡದಿದ್ದರೆ ಅತಿಕಾಳಜಿ. ಅಮೆರಿಕದ ಯೂಟಾ ರಾಜ್ಯವಂತೂ, ಮಗು ಒಂಟಿಯಾಗಿ ಶಾಲೆಗೆ ನಡೆದುಹೋಗುವುದನ್ನು ಅಥವಾ ಹೊರಗೆ ಆಡುವುದನ್ನು ತಂದೆತಾಯಂದಿರ ನಿರ್ಲಕ್ಷ್ಯವೆಂದು ಪರಿಗಣಿಸಬಾರದು ಎಂದು 2018ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಡೆದು ಶಾಲೆಗೆ ಹೋಗಲು ಶಾಸನ ಸಭೆಯ ಅಪ್ಪಣೆ!

ಪ್ರಶ್ನೆ ಕೇಳಿದವರಿಗೆ ಒಂದು ಮಾತು: ನಿಮ್ಮ ಅಣ್ಣನವರ ಮಕ್ಕಳು ಯಾವ ವಯಸ್ಸಿನವರು? ಬಾಲ್ಯವನ್ನು ಹೊಗಳುವ ಉತ್ಸಾಹ ಮಕ್ಕಳು ದೊಡ್ಡವರಾದ ಮೇಲೆ ಹೆಚ್ಚುವುದನ್ನು ನಾನು ಅನೇಕರಲ್ಲಿ ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಅಣ್ಣನ ಮಗ ಕಾಲೇಜಿನಲ್ಲಿದ್ದಾನೆ. ನಿಮ್ಮ ಊಹೆ ಸರಿ.

ಇಷ್ಟನ್ನು ಓದಿದ ಮೇಲೆ ನನ್ನ ಪ್ರಶ್ನೆ ಸ್ವಲ್ಪ ಬದಲಾಗಿದೆ. ಒಬ್ಬಳೇ ಹೋಗಿ ಬರಬೇಕೆಂಬುದಕ್ಕಿಂತ ಅವಳಿಗೆ ಜೊತೆಗಾರರು ಬೇಕು ಎಂಬುದು ಈಗ ಹೆಚ್ಚು ಮುಖ್ಯವೆನಿಸುತ್ತಿದೆ. ಹತ್ತಿರದ ಬೀದಿಗಳಲ್ಲಿ ಅವಳ ಶಾಲೆಗೇ ಹೋಗುವ ಇನ್ನೂ ಮೂರು ಮನೆಯ ಮಕ್ಕಳಿದ್ದಾರೆ. ಅವರಲ್ಲಿ ದೊಡ್ಡವನಿಗೆ ಹನ್ನೆರಡು. ಎಲ್ಲರನ್ನೂ ಒಟ್ಟಿಗೆ ನಡೆದು ಹೋಗಲು ಬಿಡಬಹುದೇ ಎಂದು ಆ ತಾಯಂದಿರ ಜೊತೆ ಮಾತಾಡಿದೆ. ಇಬ್ಬರು ಒಪ್ಪಿದ್ದಾರೆ, ಒಬ್ಬರು ಯೋಚಿಸುತ್ತೇನೆ ಎಂದಿದ್ದಾರೆ. ದಾರಿಯಲ್ಲಿ ಒಂದೇ ಒಂದು ದೊಡ್ಡ ರಸ್ತೆ ದಾಟಬೇಕು, ನಮ್ಮೆಲ್ಲರ ಅಳುಕು ಇರುವುದು ಅಲ್ಲಿ. ಇದಕ್ಕೆ ತಯಾರಿ ಹೇಗೆ?

ಉತ್ತರ (ನಿವೃತ್ತ ಶಿಕ್ಷಕ)

ಮಕ್ಕಳನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಕೈ ಹಿಡಿದು ಕರೆದೊಯ್ದ ಮಗು ನೂರು ಸಲ ಹೋದರೂ ದಾರಿಯನ್ನು ನೋಡಿರುವುದಿಲ್ಲ. ತಾನೇ ಮುಂದೆ ನಡೆದಾಗ ತಿರುವು, ಗೇಟು, ನಾಯಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಎಲ್ಲಿ ನಿಲ್ಲಬೇಕು, ಯಾವಾಗ ದಾಟಬೇಕು ಎಂದು ಅವರೇ ಹೇಳಲಿ. ತಪ್ಪು ಹೇಳಿದರೆ ಮಾತ್ರ ನೀವು ಬಾಯಿ ತೆರೆಯಿರಿ. ದಿನ ಕಳೆದಂತೆ ನಿಮ್ಮ ಅಂತರ ಹೆಚ್ಚಲಿ, ಕೊನೆಗೆ ದೊಡ್ಡ ರಸ್ತೆಯ ಬಳಿ ಒಬ್ಬರು ನಿಂತಿದ್ದರೆ ಸಾಕು. ನಾಲ್ಕು ಮನೆಯವರು ಸರದಿಯಂತೆ ನಿಂತರೆ ಯಾರಿಗೂ ಭಾರವಾಗದು. ಹನ್ನೆರಡರ ಹುಡುಗನಿಗೆ ‘ನೀನು ಎಲ್ಲರನ್ನೂ ನೋಡಿಕೊಳ್ಳಬೇಕು’ ಎಂದು ಪೂರ್ತಿ ಹೊಣೆ ಹೊರಿಸಬೇಡಿ. ಅವನೂ ಮಗುವೇ. ಯಾರೂ ಒಬ್ಬರನ್ನು ಬಿಟ್ಟು ಮುಂದೆ ಹೋಗಬಾರದು ಎಂಬ ಒಂದೇ ನಿಯಮವನ್ನು ನಾಲ್ವರಿಗೂ ಕೊಡಿ, ಉಳಿದದ್ದನ್ನು ಅವರೇ ಮಾಡಿಕೊಳ್ಳುತ್ತಾರೆ. ಜಗಳವನ್ನೂ ಸೇರಿಸಿ.

ಉತ್ತರ (ನಗರ ಯೋಜನೆಯ ಕ್ಷೇತ್ರದಲ್ಲಿ ಕೆಲಸ ಮಾಡುವವನು)

ಸರದಿಯಂತೆ ನಿಲ್ಲುವುದು ಒಳ್ಳೆಯದು, ಆದರೆ ಅದನ್ನೇ ಶಾಶ್ವತ ವ್ಯವಸ್ಥೆ ಮಾಡಿಕೊಳ್ಳಬೇಡಿ. ನಿಂತವರು ಸುಮ್ಮನೆ ನಿಲ್ಲದೆ, ಶಾಲೆ ಆರಂಭವಾಗುವ ಮುಂಚಿನ ಅರ್ಧ ಗಂಟೆಯಲ್ಲಿ ಎಷ್ಟು ವಾಹನಗಳು ಹೋದವು, ಎಷ್ಟು ಮಕ್ಕಳು ದಾಟಿದರು, ದಾಟಲು ಎಷ್ಟು ಹೊತ್ತು ಕಾಯಬೇಕಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ‘ಇಲ್ಲಿ ಬಹಳ ಅಪಾಯವಿದೆ’ ಎಂಬ ಅರ್ಜಿಗೆ ಕಚೇರಿಗಳಲ್ಲಿ ಸಿಗುವ ಉತ್ತರಕ್ಕೂ, ಒಂದು ವಾರದ ಎಣಿಕೆ ಲಗತ್ತಿಸಿದ ಅರ್ಜಿಗೆ ಸಿಗುವ ಉತ್ತರಕ್ಕೂ ವ್ಯತ್ಯಾಸವಿದೆ. ಅರ್ಜಿ ಶಾಲೆಯ ಹೆಸರಿನಲ್ಲಿ ಹೋಗಲಿ, ತಂದೆತಾಯಂದಿರ ಸಹಿ ಜೊತೆಗಿರಲಿ. ದಾಟುವಲ್ಲಿ ರಸ್ತೆಯನ್ನು ತುಸು ಎತ್ತರಿಸಿದ ಪಟ್ಟಿ ಮತ್ತು ಶಾಲೆಯ ಸುತ್ತ ಗಂಟೆಗೆ 30 ಕಿಲೋಮೀಟರ್ ವೇಗದ ಮಿತಿ, ಈ ಎರಡನ್ನೇ ಕೇಳಿ. ಜನರೂ ವಾಹನಗಳೂ ಬೆರೆಯುವ ರಸ್ತೆಗಳಲ್ಲಿ ಈ ಮಿತಿ ಇರಬೇಕೆಂದು ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನ ಒಪ್ಪಿದ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದೆ, ಅದನ್ನು ಅರ್ಜಿಯಲ್ಲಿ ಉಲ್ಲೇಖಿಸಬಹುದು. ಫಲಕ ಮಾತ್ರ ಹಾಕಿ ಕೊಡುತ್ತೇವೆಂದರೆ ಒಪ್ಪಬೇಡಿ. ಫಲಕ ನೋಡಿ ನಿಧಾನಿಸುವ ಚಾಲಕರು ಕಡಿಮೆ, ಉಬ್ಬು ಇದ್ದರೆ ಎಲ್ಲರೂ ನಿಧಾನಿಸಲೇಬೇಕು. ಎಣಿಕೆಯ ಪಟ್ಟಿಯನ್ನು ಹೇಗೆ ಬರೆಯಬೇಕೆಂಬ ಒಂದು ಮಾದರಿಯನ್ನು ನಾಳೆ ಇಲ್ಲಿಯೇ ಹಾಕುತ್ತೇನೆ.